ಹಿಟ್ಟಿಲ್ಲದ ಗರಿಗರಿ

ಸಂಜೆ ಐದರ ಮೇಲೆ ಚೆನ್ನೈನ ಟಿ. ನಗರದಲ್ಲಿ ಗರಿಗರಿಯಾಗಿ ಕೈಗೆ ಸಿಗುವುದೆಲ್ಲ ಹಿಟ್ಟು ಎಣ್ಣೆಗೆ ಬಿದ್ದು ಹುಟ್ಟಿದ್ದೇ. ಪಾಂಡಿ ಬಜಾರಿನ ಬಜ್ಜಿಗೆ ಕಡಲೆಹಿಟ್ಟು, ರಂಗನಾಥನ್ ಬೀದಿಯ ಮುರುಕ್ಕಿಗೆ ಅಕ್ಕಿಹಿಟ್ಟು, ಅಪ್ಪಳಕ್ಕೆ ಉದ್ದಿನಹಿಟ್ಟು. ಮೌಂಟ್ ರೋಡಿನ ಬುಹಾರಿ ಹೋಟೆಲಿನಲ್ಲಿ 1965ರಲ್ಲಿ ಹುಟ್ಟಿತೆಂದು ಈ ಊರು ಹೆಮ್ಮೆಯಿಂದ ಹೇಳಿಕೊಳ್ಳುವ ಚಿಕನ್ 65 ಕೂಡ ಈಗ ಬಹುತೇಕ ಕಡೆ ಕಾರ್ನ್‌ಫ್ಲೋರ್ ಮೆತ್ತಿಸಿಕೊಂಡೇ ಎಣ್ಣೆಗಿಳಿಯುತ್ತದೆ. ನಮ್ಮ ಕಡೆಯೂ ಬೇರೆಯಲ್ಲ. ನಮ್ಮತ್ತೆಯ ಊರು ಮದ್ದೂರು. ಅದು ಹೆಸರಾಗಿರುವುದು ರವೆ, ಮೈದಾ, ಅಕ್ಕಿಹಿಟ್ಟು ಕಲಸಿ ತಟ್ಟಿದ ವಡೆಗೆ. ಕೋಳಿ ಅಂದರೆ ಅವರಿಗೆ ಸಾರು, ಪಕ್ಕದಲ್ಲಿ ಮುದ್ದೆ. ಗರಿಗರಿ ಬೇಕೆನಿಸಿದರೆ ಹಪ್ಪಳ, ಸಂಡಿಗೆ ಇದ್ದೇ ಇದೆ. ಕೋಳಿಯೇ, ಯಾವ ಹಿಟ್ಟಿನ ನೆರವೂ ಇಲ್ಲದೆ, ತನ್ನಷ್ಟಕ್ಕೆ ತಾನು ಗರಿಗರಿಯಾಗಬಲ್ಲದು ಎನ್ನುವುದು ನಮ್ಮ ಅಡುಗೆಮನೆಗೆ ತಡವಾಗಿ ತಿಳಿಯಿತು. ತಿಳಿದ ಮೇಲೂ ಅದರ ಬೆರಗು ಇಳಿದಿಲ್ಲ. ಒಂದೊಂದೇ ಪದರ ಬಿಚ್ಚುತ್ತಾ ಹೋದಂತೆ ಹೆಚ್ಚುತ್ತಲೇ ಇದೆ.

ತಿಳಿಯುವುದಕ್ಕೆ ಕಾರಣ ಅತ್ತೆಯ ಶುಗರ್. ಈ ಕಾಯಿಲೆಯನ್ನು ಗಂಭೀರವಾಗಿ ನೋಡುವ ವಿಷಯದಲ್ಲಿ ಚೆನ್ನೈಗೆ ಹಳೆಯ ಅನುಭವವಿದೆ. 1948ರಲ್ಲೇ ಇಲ್ಲಿನ ಸ್ಟ್ಯಾನ್ಲಿ ಆಸ್ಪತ್ರೆಯಲ್ಲಿ ಡಾ. ಎಂ. ವಿಶ್ವನಾಥನ್ ಮಧುಮೇಹಕ್ಕೆಂದೇ ಪ್ರತ್ಯೇಕ ಚಿಕಿತ್ಸಾಲಯ ಶುರು ಮಾಡಿದರು. ಇದೇ ಊರಿನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ ಮುಂದೆ ನಿಂತು ನಡೆಸಿದ ಐಸಿಎಂಆರ್-ಇಂಡಿಯಾಬ್ ಅಧ್ಯಯನ, ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ ಎಂದು 2023ರಲ್ಲಿ ಅಂದಾಜು ಮಾಡಿತು. ನಮ್ಮ ಊಟದ ಶಕ್ತಿಯಲ್ಲಿ ಶೇಕಡಾ 62ರಷ್ಟು ಕಾರ್ಬೋಹೈಡ್ರೇಟಿನಿಂದಲೇ ಬರುತ್ತದೆ ಎಂದು ಅದೇ ತಂಡ 2025ರಲ್ಲಿ ಹೇಳಿತು. ರಾತ್ರಿ ಅನ್ನ, ಮುದ್ದೆ, ಚಪಾತಿ ತಗ್ಗಿಸಿ ಪ್ರೋಟೀನ್ ಹೆಚ್ಚಿಸಿ ಎಂದು ಡಾಕ್ಟರು ಅತ್ತೆಗೆ ಹೇಳಿದ್ದರ ಹಿಂದೆ ಇದೇ ಲೆಕ್ಕ ಇದೆ. ಮಾತ್ರೆ, ಇನ್ಸುಲಿನ್ ಮೇಲಿರುವವರು ಕೇಳದೆ ಊಟ ಬದಲಿಸಬಾರದು, ಶುಗರ್ ಇದ್ದಕ್ಕಿದ್ದಂತೆ ಕೆಳಗಿಳಿಯಬಹುದು. ನಾವು ಕೇಳಿಯೇ ಬದಲಿಸಿದೆವು. ಬೆಂದ ಕೋಳಿಯ 100 ಗ್ರಾಮಿನಲ್ಲಿ ಸುಮಾರು 25 ಗ್ರಾಂ ಪ್ರೋಟೀನ್. ಪಿಷ್ಟ ಇಲ್ಲವೇ ಇಲ್ಲ.

ಕೋಳಿ ಅಂಗಡಿಯವರು ಕತ್ತಿ ಎತ್ತುವ ಮೊದಲು ಕೇಳುತ್ತಾರೆ: "ಅಕ್ಕಾ, ತೋಲ್ ಎಡುತ್ತುಡವಾ?" ಚರ್ಮ ತೆಗೆದುಬಿಡಲಾ ಎಂದು. ಮನೆಮನೆಯಲ್ಲೂ ಸಾರಿಗೆ ಚರ್ಮ ಬೇಡವೆನ್ನುವವರೇ ಹೆಚ್ಚು, ಅದಕ್ಕೇ ಆ ಪ್ರಶ್ನೆ. "ವೇಂಡಾಂ ಅಣ್ಣಾ, ತೋಲೋಡವೇ ಕುಡುಂಗ" ಅನ್ನುತ್ತೇನೆ. ಚರ್ಮ ಸಮೇತದ ತೊಡೆ ತುಂಡುಗಳು. ಮನೆಗೆ ತಂದು ಬಟ್ಟೆಯಿಂದ ಒತ್ತಿ ಒರೆಸಿ, ಉಪ್ಪು, ಚಿಟಿಕೆ ಅರಿಸಿನ ಸವರಿ, ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಮುಚ್ಚಳವಿಲ್ಲದೆ ಒಂದು ರಾತ್ರಿ ಬಿಡುತ್ತೇನೆ. ಕಡಲತೀರದ ಈ ಊರಿನ ಗಾಳಿ ಯಾವುದನ್ನೂ ಒಣಗಗೊಡದು. ಫ್ರಿಜ್ಜಿನೊಳಗಿನ ಗಾಳಿಯೊಂದೇ ಒಣಗಾಳಿ. ಉಪ್ಪು ಚರ್ಮದ ನೀರನ್ನು ಹೊರಗೆಳೆಯುತ್ತದೆ, ಒಣಗಾಳಿ ಒಯ್ಯುತ್ತದೆ. ಮಾರನೆಯ ಸಂಜೆ ಮುಟ್ಟಿದರೆ ಚರ್ಮ ಬಿಗಿದುಕೊಂಡು, ಕೈಗೆ ಅಂಟದಂತಿರುತ್ತದೆ.

ಆಮೇಲಿನದು ತಾಳ್ಮೆಯ ಕೆಲಸ. ಕಬ್ಬಿಣದ ಕಾವಲಿ ತಣ್ಣಗಿರುವಾಗಲೇ ಚರ್ಮದ ಬದಿ ಕೆಳಗಾಗಿ ತುಂಡುಗಳನ್ನು ಜೋಡಿಸಿ, ಎಣ್ಣೆ ಹಾಕದೆ, ಸಣ್ಣ ಉರಿ. ಕಾವು ಏರಿದಂತೆ ಚರ್ಮದಡಿಯ ಕೊಬ್ಬು ಕರಗಿ ಹೊರಬರುತ್ತದೆ. ಕೋಳಿ ತನ್ನ ಕೊಬ್ಬಿನಲ್ಲಿ ತಾನೇ ಹುರಿಯತೊಡಗುತ್ತದೆ. ಕಿವಿ ಇಟ್ಟು ಕೇಳಬೇಕಾದ ಹೊತ್ತು ಇದು. ಮೊದಮೊದಲು ಸದ್ದು ಜೋರು, ಒರಟು, ನಡುನಡುವೆ ಚಟ್ ಎಂದು ಸಿಡಿತ. ಅದು ನೀರು ಹೊರಡುವ ಸದ್ದು. ಚರ್ಮದಲ್ಲಿ ಒಂದಿಷ್ಟು ನೀರಿದ್ದರೂ ಅದರ ಬಿಸಿ 100 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲೇ ತಡೆದು ನಿಲ್ಲುತ್ತದೆ. ಕೊಟ್ಟ ಬೆಂಕಿಯೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚು. ಹತ್ತು ಹನ್ನೆರಡು ನಿಮಿಷ ಕಳೆದ ಮೇಲೆ ಸದ್ದು ತೆಳ್ಳಗಾಗಿ ಒಂದೇ ಸಮನಾಗುತ್ತದೆ. ನೀರಿನ ಕೆಲಸ ಮುಗಿಯುತ್ತಾ ಬಂತೆಂದು ಅರ್ಥ. ಇನ್ನು ಕಾವು 140, 150 ದಾಟಬಹುದು. ಬಣ್ಣ ಬರುವುದು ಅಲ್ಲಿಂದ.

ಹಾಗೆಂದು ನೀರನ್ನು ಶುರುವಿನಲ್ಲೇ ಓಡಿಸಿಬಿಟ್ಟರೂ ಆಗದು. ಚರ್ಮದ ಮುಖ್ಯ ಪ್ರೋಟೀನು ಕೊಲ್ಯಾಜನ್, ಹಗ್ಗ ಹೊಸೆದಂತೆ ಮೂರು ಎಳೆಯ ಗಟ್ಟಿ ನೂಲು. ಅದು ಸಡಿಲವಾಗಿ ಜೆಲಾಟಿನ್ ಆಗಬೇಕಾದರೆ ಬಿಸಿಯ ಜೊತೆ ನೀರೂ ಬೇಕು. ದೊಡ್ಡ ಉರಿಯಲ್ಲಿ ಅವಸರ ಮಾಡಿದರೆ ನೂಲು ಸಡಿಲವಾಗುವ ಮುನ್ನವೇ ಒಣಗಿ, ಚರ್ಮ ಜಗಿಯಲಾರದ ತೊಗಲಾಗುತ್ತದೆ. ನೀರು ಉಳಿದರೆ ಮೆತ್ತಗೆ, ಬೇಗ ಹೋದರೆ ತೊಗಲು. ಇದ್ದು ಮಾಡಬೇಕಾದ ಕೆಲಸ ಮಾಡಿ, ಹೊತ್ತಿಗೆ ಸರಿಯಾಗಿ ಹೊರಟರೆ ಮಾತ್ರ, ಹಿಂದೆ ಉಳಿಯುವುದು ಗಾಜಿನಂತೆ ಪಟ್ಟನೆ ಮುರಿಯುವ ತೆಳು ಹಾಳೆ. ಸಣ್ಣ ಉರಿಯ ಗುಟ್ಟು ಇಷ್ಟೇ. ತುಂಡುಗಳನ್ನು ಮಗುಚಿ, ಕರಗಿದ ಕೊಬ್ಬಿಗೆ ಕರಿಬೇವು ಬಿಟ್ಟು, ಕಾಳುಮೆಣಸು, ಬ್ಯಾಡಗಿ ಮೆಣಸಿನ ಪುಡಿ ಉದುರಿಸಿದರೆ ಇನ್ನೊಂದು ಹತ್ತು ನಿಮಿಷದಲ್ಲಿ ಒಳಗೂ ಬೆಂದಿರುತ್ತದೆ. ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ಕರ್ನಾಟಕ ಸರ್ಕಾರ 2024ರ ಜೂನಿನಲ್ಲಿ ನಿಷೇಧಿಸಿತು. ಬ್ಯಾಡಗಿ ಕೈಯಲ್ಲಿರುವವರಿಗೆ ಆ ಬಣ್ಣದ ಹಂಗು ಇರಲೇಬೇಕಿರಲಿಲ್ಲ.

ಆದರೆ ಚರ್ಮದ ಆ ಹೊನ್ನಗಂದು ಬಣ್ಣ ಮೆಣಸಿನದಲ್ಲ. ಮೆಣಸು ಬೀಳುವ ಮೊದಲೇ ಅದು ಬಂದಾಗಿರುತ್ತದೆ. ದೋಸೆ ಕೆಂಪಾಗುವುದೂ, ಕಾಫಿಬೀಜ ಹುರಿದು ಕಪ್ಪಾಗುವುದೂ ಇದೇ ಬಗೆಯ ಕ್ರಿಯೆಯಿಂದ: ಪ್ರೋಟೀನಿನ ಅಮೈನೋ ಆಮ್ಲಕ್ಕೆ ಸಕ್ಕರೆಯ ಅಣು ಕಾವಿನಲ್ಲಿ ಬೆಸೆದು, ಆ ಬೆಸುಗೆಯಿಂದ ನೂರಾರು ಹೊಸ ಪರಿಮಳ, ಹೊಸ ಬಣ್ಣ. ದೋಸೆಗೆ ಅಕ್ಕಿ, ಉದ್ದು ಇವೆ. ಸಕ್ಕರೆ ಎಲ್ಲಿಂದ ಎಂದು ಕೇಳಬೇಕಿಲ್ಲ. ಕೋಳಿಗೆ ನಾನು ಹಿಟ್ಟೂ ಹಾಕಲಿಲ್ಲ, ಸಕ್ಕರೆಯನ್ನೂ ಹಾಕಲಿಲ್ಲ. ಹಾಗಾದರೆ ಈ ಬಣ್ಣಕ್ಕೆ ಬೇಕಾದ ಸಕ್ಕರೆ ಯಾರದು?

ಕೋಳಿಯದೇ. ಜೀವವಿರುವ ಪ್ರತಿ ಕಣದಲ್ಲೂ ಎಟಿಪಿ ಎಂಬ ಅಣು ಶಕ್ತಿಯನ್ನು ಹೊತ್ತು ತಿರುಗುತ್ತದೆ. ಕಾಲು ಕೆದರಿದಾಗ, ರೆಕ್ಕೆ ಬಡಿದಾಗ, ಎದೆ ಮಿಡಿದಾಗ ಖರ್ಚಾಗುವುದು ಅದೇ. ಆ ಅಣುವಿನ ಮೈಯೊಳಗೆ ರೈಬೋಸ್ ಎಂಬ ಪುಟ್ಟ ಸಕ್ಕರೆಯಿದೆ. ಉಸಿರು ನಿಂತ ಮೇಲೆ ಎಟಿಪಿ ಹಂತಹಂತವಾಗಿ ಒಡೆದು, ಕೊನೆಗೆ ರೈಬೋಸ್ ಬಿಡಿಯಾಗಿ ಮಾಂಸದ ರಸದಲ್ಲಿ ಉಳಿಯುತ್ತದೆ. ನಾಲಿಗೆಗೆ ಸಿಹಿಯೆಂದು ತಿಳಿಯಲಾರದಷ್ಟು ಅತ್ಯಲ್ಪ. ಅಷ್ಟೇ ಸಾಕು. ಹುರಿದ ಕೋಳಿಯ ಘಮಕ್ಕೆ ಈ ಸಕ್ಕರೆಯ ಪಾಲು ದೊಡ್ಡದು. ಬೀದಿಯ ತನಕ ಹೋಗುವ ಆ ಘಮ, ಒಂದು ಹಕ್ಕಿ ನಡೆದಾಡಲು ಬಳಸಿದ ಶಕ್ತಿಯ ಶೇಷ. ಇದನ್ನು ತಿಳಿದ ಮೇಲೆ ಕಾವಲಿಯ ಮುಂದೆ ನಿಲ್ಲುವ ರೀತಿಯೇ ಬೇರೆಯಾಗುತ್ತದೆ. ಅಂಗಡಿಗೆ ಬರುವ ಬ್ರಾಯ್ಲರ್ ಕೋಳಿಯ ಆಯಸ್ಸು ಐದಾರು ವಾರ. ಅಷ್ಟು ಚಿಕ್ಕ ಬದುಕಿನ ಶಕ್ತಿ ನಮ್ಮ ತಟ್ಟೆಗೆ ಬಂದಿದೆ ಎಂದಾದರೆ ಅದನ್ನು ಸೀಯಿಸಬಾರದು, ಚೆಲ್ಲಬಾರದು, ಮೂಳೆಯನ್ನೂ ಸಾರಿಗೆ ಕುದಿಸದೆ ಬಿಡಬಾರದು.

ಕೆಂಪಾಗುವ ಈ ಕ್ರಿಯೆಗೆ ಹೆಸರು ಕೊಟ್ಟವರು ಫ್ರಾನ್ಸಿನ ಲೂಯಿ ಕಾಮಿಲ್ ಮೇಯಾರ್. 1912ರಲ್ಲಿ ಅವರು ಇದನ್ನು ಪ್ರಕಟಿಸಿದಾಗ ಅಡುಗೆ ಅವರ ಮನಸ್ಸಿನಲ್ಲಿರಲಿಲ್ಲ. ವೈದ್ಯರಾಗಿದ್ದ ಅವರು ಹುಡುಕುತ್ತಿದ್ದದ್ದು, ಜೀವಿಗಳ ಮೈಯಲ್ಲಿ ಅಮೈನೋ ಆಮ್ಲಗಳು ಸೇರಿ ಪ್ರೋಟೀನು ಹೇಗಾಗುತ್ತದೆ ಎಂಬುದನ್ನು. ದೇಹದ ಪ್ರಶ್ನೆ ಹಿಡಿದು ಹೊರಟವರಿಗೆ ಅಡುಗೆಮನೆಯ ಉತ್ತರ ಸಿಕ್ಕಿತು ಎಂದು ಜಗತ್ತು ತಿಳಿಯಿತು. ಆದರೆ ಆ ಉತ್ತರ ದೇಹದ್ದೂ ಆಗಿತ್ತು. 1968ರಲ್ಲಿ ಟೆಹರಾನಿನ ವಿಜ್ಞಾನಿ ಸ್ಯಾಮುಯೆಲ್ ರಹಬರ್, ಮಧುಮೇಹಿಗಳ ರಕ್ತದಲ್ಲಿ ಸ್ವಲ್ಪ ಬೇರೆಯಾಗಿ ವರ್ತಿಸುವ ಹಿಮೋಗ್ಲೋಬಿನ್ ಕಂಡುದನ್ನು ಪ್ರಕಟಿಸಿದರು. ಅದು ಸಕ್ಕರೆ ಅಂಟಿಕೊಂಡ ಹಿಮೋಗ್ಲೋಬಿನ್. ಕಾವಲಿಯ ಮೇಲಿನ ಬೆಸುಗೆಯ ಮೊದಲ ಹೆಜ್ಜೆ ಯಾವುದೋ, ರಕ್ತದಲ್ಲಿ ನಡೆಯುವುದೂ ಅದೇ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ; ಅಷ್ಟು ಕಾಲ ಅದಕ್ಕೆ ಎಷ್ಟು ಸಕ್ಕರೆ ಅಂಟಿತು ಎಂದು ಅಳೆಯುವುದೇ ಎಚ್‌ಬಿಎ1ಸಿ, ನಮ್ಮ ಮನೆಗಳಲ್ಲಿ ಹೇಳುವ ಮೂರು ತಿಂಗಳ ಶುಗರ್ ಟೆಸ್ಟು. ಶೇಕಡಾ 6.5 ಮುಟ್ಟಿದರೆ ಮಧುಮೇಹ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಡೆದು ನಿಲ್ಲಿಸಿದ ಸಂಗತಿ ಇದು. ಕಾವಲಿಯಲ್ಲಿ 150 ಡಿಗ್ರಿಯ ಕಾವಿಗೆ ನಿಮಿಷಗಳಲ್ಲಿ ನಡೆಯುವುದು, ಮೈಯಲ್ಲಿ 37 ಡಿಗ್ರಿಗೆ ತಿಂಗಳು, ವರ್ಷಗಟ್ಟಲೆ ನಡೆಯುತ್ತದೆ. ಬೇಗ ಬದಲಾಗುವ ರಕ್ತಕಣದಲ್ಲಿ ಅದು ಮೊದಲ ಹೆಜ್ಜೆಗಳಲ್ಲೇ ನಿಲ್ಲುತ್ತದೆ. ಬಹುಕಾಲ ಉಳಿಯುವ ಪ್ರೋಟೀನಿನಲ್ಲಿ, ಅಂದರೆ ಕಣ್ಣಿನ ಮಸೂರದಲ್ಲಿ, ರಕ್ತನಾಳದ ಗೋಡೆಯ ಕೊಲ್ಯಾಜನ್ನಿನಲ್ಲಿ, ಮುಂದಿನ ಹಂತಗಳಿಗೂ ಹೋಗಿ ಬಣ್ಣ, ಬಿರುಸು ತರುತ್ತದೆ. ವಯಸ್ಸಾದಂತೆ ಮಸೂರ ಹಳದಿಗೆ ತಿರುಗುವುದರಲ್ಲಿ ಇದರ ಪಾಲೂ ಉಂಟು. ಅಣುವಿಗೆ ಅಡುಗೆಮನೆ ಯಾವುದು, ಅತ್ತೆಯ ರಕ್ತನಾಳ ಯಾವುದು ಎಂಬ ಭೇದವಿಲ್ಲ. ಒಂದೆಡೆ ರುಚಿಯಾಗುವ ಬೆಸುಗೆ ಇನ್ನೊಂದೆಡೆ ರೋಗವಾಗುತ್ತದೆ. ನಿಯಮವನ್ನು ನಾವು ಬದಲಿಸಲಾರೆವು. ಅದು ಎಲ್ಲಿ ಜೋರಾಗಿ ನಡೆಯಬೇಕು, ಎಲ್ಲಿ ಮೆಲ್ಲಗೆ ಎಂಬುದರಲ್ಲಿ ಮಾತ್ರ ನಮ್ಮ ಕೈಗೆ ಸ್ವಲ್ಪ ಜಾಗವಿದೆ. ರಾತ್ರಿಯ ಊಟದಲ್ಲಿ ಹಿಟ್ಟು ಬಿಟ್ಟು, ಚರ್ಮವನ್ನು ಸರಿಯಾಗಿ ಕೆಂಪು ಮಾಡುವುದೆಂದರೆ ಆ ಜಾಗವನ್ನು ಬಳಸಿಕೊಳ್ಳುವುದು. ಕೆಂಪಾಗಬೇಕಾದದ್ದು ಕಾವಲಿಯ ಮೇಲೆ ಕೆಂಪಾಗಲಿ.

ಅತ್ತೆ ಮೊದಲ ತುತ್ತಿಗೇ ಕೇಳಿದ್ದರು: "ಇಟ್ಟೇ ಹಾಕಿಲ್ಲ ಅಂತೀಯ, ಇಂಗೆ ಗರಿಗರಿ ಎಂಗಾಯ್ತದವ್ವ?"

ನನಗೆ ತಿಳಿದಷ್ಟನ್ನು ಹೇಳಿದೆ. "ನಿಮ್ಮ ರಿಪೋರ್ಟಲ್ಲಿ ಮೂರು ತಿಂಗಳದ್ದು ಅಂತ ಬರುತ್ತಲ್ಲ ಅತ್ತೆ, ಅದೂ ಇದೂ ಒಂದೇ ಥರದ್ದು."

ಅವರು ತುಂಡನ್ನು ಕೈಯಲ್ಲಿ ಹಿಡಿದೇ ಯೋಚಿಸಿದರು. "ಅಂಗಾದ್ರೆ ನನ್ನೊಳಗೂ ಬೇಯ್ತಾ ಅದೆ ಅನ್ನು."

"ಎಲ್ಲರೊಳಗೂ ಅತ್ತೆ. ಶುಗರ್ ಜಾಸ್ತಿ ಇದ್ದರೆ ಸ್ವಲ್ಪ ಬೇಗ."

"ಸರಿ ಬುಡು, ಉರಿ ಸಣ್ಣಕ್ಕೆ ಮಡಗಾನ."

ನಾನು ಓದಿ ತಿಳಿದದ್ದನ್ನೆಲ್ಲ ಒಲೆಯ ಮುಂದೆ ಆಯಸ್ಸು ಕಳೆದ ಅವರು ಒಂದು ಮಾತಿನಲ್ಲಿ ಹಿಡಿದಿದ್ದರು. ಅಂದಿನಿಂದ ರಾತ್ರಿಯ ಮುದ್ದೆಗಾಗಿ ಅವರು ಕೇಳಿಲ್ಲ. ಮಾಂಬಲಂ ಸ್ಟೇಷನ್ ಕಡೆಯಿಂದ ತಂದ ಬಾಳೆದಿಂಡಿನ ಪಲ್ಯ, ಸೌತೆಕಾಯಿ ಮೊಸರುಬಜ್ಜಿ, ಎರಡು ತುಂಡು ಕೋಳಿ; ಊಟ ಅಷ್ಟೇ.

ಟಿ. ನಗರ ನಿಂತಿರುವುದು ನೀರು ತೆಗೆದ ನೆಲದ ಮೇಲೆ. ಲಾಂಗ್ ಟ್ಯಾಂಕ್ ಎಂಬ ಉದ್ದನೆಯ ಕೆರೆ ಹರಡಿದ್ದ ಪ್ರದೇಶದಲ್ಲಿ 1920ರ ದಶಕದಲ್ಲಿ ಎದ್ದ ಬಡಾವಣೆ ಇದು. ಜಸ್ಟಿಸ್ ಪಕ್ಷದ ಪಿ. ತ್ಯಾಗರಾಯ ಚೆಟ್ಟಿಯವರ ಹೆಸರು ಹೊತ್ತಿದೆ. 2021ರ ನವೆಂಬರ್ ಮಳೆಯಲ್ಲಿ ಇಲ್ಲಿನ ಬೀದಿಗಳಲ್ಲಿ ನೀರು ಮತ್ತೆ ಬಂದು ನಿಂತಿತ್ತು. ಹೋದ ನೀರು ಹಿಂತಿರುಗಲು ದಾರಿ ನೋಡುತ್ತಲೇ ಇರುತ್ತದೆ. ಕೋಳಿಯ ಚರ್ಮಕ್ಕೂ ಅದೇ ಗತಿ: ಕಾವಲಿಯಿಂದ ಇಳಿದ ಕ್ಷಣದಿಂದ ಒಳಗಿನ ಮಾಂಸದ ಹಬೆ ಕೆಳಗಿನಿಂದ, ಚೆನ್ನೈನ ಗಾಳಿ ಮೇಲಿನಿಂದ ಅದಕ್ಕೆ ನೀರು ಮರಳಿಸತೊಡಗುತ್ತವೆ. ಹದಿನೈದು ನಿಮಿಷ ಬಿಟ್ಟರೆ ಆ ಪಟ್ಟನೆ ಮುರಿಯುವ ಗುಣ ಹೋಗಿರುತ್ತದೆ. ಡಬ್ಬಿಯಲ್ಲಿ ಮುಚ್ಚಿಟ್ಟರೆ ಇನ್ನೂ ಬೇಗ. ಹಾಗಾಗಿ ಈ ಅಡುಗೆ ಎಲ್ಲರಿಂದಲೂ ಒಂದು ಶಿಸ್ತನ್ನು ಕೇಳುತ್ತದೆ. ಫೋನು ಬದಿಗಿಟ್ಟು, ಟಿವಿ ಆರಿಸಿ, ಮನೆಯವರೆಲ್ಲ ಮೊದಲು ಬಂದು ಕೂರಬೇಕು. ಪಲ್ಯ, ಮೊಸರುಬಜ್ಜಿ ಬಡಿಸಿ ಆಗಿರಬೇಕು. ನಿಂಬೆಹಣ್ಣು ಹೆಚ್ಚಿ ಇಟ್ಟಿರಬೇಕು. ಕಾವಲಿ ಇಳಿಸುವುದು ಆಮೇಲೆ. ಬೆರಗಿಗೆ ಹಾಜರಿ ಬೇಕು. ತಿಳಿದವರಿಗೂ ತಿಳಿಯದವರಿಗೂ ಅದು ಸಿಗುವುದು, ಅದು ಇರುವ ಹೊತ್ತಿನಲ್ಲಿ ತಾವೂ ಅಲ್ಲೇ ಇದ್ದರೆ ಮಾತ್ರ.