ಉಸಿರಿನ ಋಣ

ಕಳೆದ ವರ್ಷ ನಮ್ಮಣ್ಣ ನ್ಯುಮೋನಿಯಾದಿಂದ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಹನ್ನೊಂದು ದಿನ ವೆಂಟಿಲೇಟರಿನ ಮೇಲಿದ್ದರು. ಗುಣವಾಗಿ ಮನೆಗೆ ಬಂದ ಮೇಲೆ ಡಾಕ್ಟರಿಗೆ ಹಣ್ಣಿನ ಬುಟ್ಟಿ ಕಳಿಸಿದೆವು, ದಾದಿಯರಿಗೆ ಸಿಹಿ ಹಂಚಿದೆವು, ಅತ್ತಿಗೆ ಹೊತ್ತಿದ್ದ ಹರಕೆಯನ್ನೂ ತೀರಿಸಿದೆವು. ಇಷ್ಟೆಲ್ಲ ಆದಮೇಲೆ ಒಬ್ಬನನ್ನು ಬಿಟ್ಟದ್ದು ನೆನಪಾಯಿತು. ಅವನ ಹೆಸರು ನಮಗೆ ಗೊತ್ತಿರಲಿಲ್ಲ. 'ಮೆಷಿನ್ ಹುಡುಗ' ಎನ್ನುತ್ತಿದ್ದೆವು.

ಅವನು ರೆಸ್ಪಿರೇಟರಿ ಥೆರಪಿಸ್ಟ್. ಉಸಿರಾಟದ ಚಿಕಿತ್ಸಕ ಎನ್ನೋಣ. ಎಷ್ಟು ಗಾಳಿ, ಎಷ್ಟು ಒತ್ತಡ, ಎಷ್ಟು ಆಮ್ಲಜನಕ ಎಂದು ನೋಡುತ್ತಿರುವುದು, ಗಂಟಲ ಕೊಳವೆಯಲ್ಲಿ ಕಟ್ಟಿದ ಕಫವನ್ನು ಹೀರಿ ತೆಗೆಯುವುದು, ನಡುರಾತ್ರಿ ಯಂತ್ರ ಕೂಗಿಕೊಂಡರೆ ಓಡಿಬರುವುದು ಅವನ ಕೆಲಸ. ಆದರೆ ಕಠಿಣವಾದದ್ದು ಯಂತ್ರವನ್ನು ಬಿಡಿಸುವುದಂತೆ. ಮಗುವಿಗೆ ಎದೆಹಾಲು ಬಿಡಿಸುವುದಕ್ಕೆ ಇಂಗ್ಲಿಷಿನವರು ಹೇಳುವ ಮಾತನ್ನೇ ಅವರು ಇದಕ್ಕೂ ಹೇಳುತ್ತಾರೆ. ಯಂತ್ರದ ಆಸರೆಯನ್ನು ತಗ್ಗಿಸಿ, ರೋಗಿ ತಾನಾಗಿ ಉಸಿರೆಳೆಯುತ್ತಾನೆಯೇ ಎಂದು ಅರ್ಧಗಂಟೆ ಕಾಯಬೇಕು. ಹತ್ತನೆಯ ದಿನ ಗಾಜಿನ ಬಾಗಿಲಾಚೆ ಆ ಹುಡುಗ ಅಣ್ಣನ ಎದೆಯ ಏರಿಳಿತವನ್ನೇ ನೋಡುತ್ತ ನಿಂತಿದ್ದ. ನಾವು ದೇವರ ಧ್ಯಾನದಲ್ಲಿ ಕಣ್ಣು ಮುಚ್ಚಿದ್ದೆವು; ಅವನು ಮಾತ್ರ ರೆಪ್ಪೆ ಮುಚ್ಚಲಿಲ್ಲ.

1952ರಲ್ಲಿ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಹಬ್ಬಿ, ಉಸಿರಾಡಿಸುವ ಯಂತ್ರಗಳು ಸಾಲದಾದಾಗ, ಸುಮಾರು 1500 ಮಂದಿ ವೈದ್ಯ ವಿದ್ಯಾರ್ಥಿಗಳು ಸರದಿಯ ಮೇಲೆ ಕುಳಿತು ರಬ್ಬರ್ ಚೀಲಗಳನ್ನು ಕೈಯಿಂದ ಹಿಸುಕಿ ರೋಗಿಗಳನ್ನು ಉಳಿಸಿಕೊಂಡರು. ಯಂತ್ರ ಸುಧಾರಿಸಿದ ಮೇಲೆ ಆ ಕೈಗಳು ನಮಗೆ ಕಾಣದಾದವು, ಅಷ್ಟೆ.

ನಾಚಿಕೊಂಡು, ಒಂದು ಡಬ್ಬಿ ಮೈಸೂರುಪಾಕು ಹಿಡಿದು ಆಸ್ಪತ್ರೆಗೆ ಹೋದೆ. ಹುಡುಗ ಕೊಲ್ಲಿ ದೇಶದ ಕೆಲಸಕ್ಕಾಗಿ ಪರೀಕ್ಷೆಗೆ ಓದುತ್ತಿದ್ದ. ನನಗೆ ಸುಮ್ಮನಿರಲಾಗಲಿಲ್ಲ. "ಇದು ಸೇವೆಯ ಕೆಲಸವಲ್ಲವೇನಪ್ಪ? ನಮ್ಮವರನ್ನು ಬಿಟ್ಟುಹೋಗುವುದೇ?" ಎಂದೆ.

ಅವನು ನಕ್ಕ. "ನಾಲ್ಕು ವರ್ಷ ಓದಿದ್ದೀನಿ ಸಾರ್. ನಾನು ಸಿಲಿಂಡರ್ ಹೊರೋನು ಅಂತ ನಮ್ಮಪ್ಪ ಇವತ್ತಿಗೂ ಅಂದ್ಕೊಂಡಿದ್ದಾರೆ. ಇನ್ನು ಹತ್ತು ವರ್ಷ ಆದ್ರೂ ಇಲ್ಲಿ ನಾನು ಇದೇ ಜಾಗದಲ್ಲೇ. ತಂಗಿ ಮದುವೆ ಬೇರೆ ಇದೆ."

2021ರ ಕಾನೂನೊಂದು ಈ ವೃತ್ತಿಯನ್ನೂ ತನ್ನ ಪಟ್ಟಿಗೆ ಸೇರಿಸಿದೆಯೆಂದು ಹೇಳಹೊರಟವನು ತಡೆದೆ. ನನ್ನ ಮಗ ಅಮೆರಿಕದಲ್ಲಿ ಕಂಪ್ಯೂಟರಿನ ಕೆಲಸದಲ್ಲಿದ್ದಾನೆ. ಅವನು ಹೊರಟಾಗ ನಾನು ಬೀದಿಗೆಲ್ಲ ಪೇಡ ಹಂಚಿದ್ದೆ. 'ಸೇವೆ' ಎಂಬ ಮಾತು ಆಗ ಬಾಯಿಗೆ ಬರಲಿಲ್ಲ. ಆ ಮಾತನ್ನು ನಾವು ಯಾರಿಗೆ ಹೇಳುತ್ತೇವೆ? ಸಂಬಳ ಕಡಿಮೆಯಿದ್ದವರಿಗೆ, ನಮಗೆ ಅಗತ್ಯವಾದವರಿಗೆ. ಹಾಗೆಂದು ಅವನು ಹೋಗುವುದು ಸರಿಯೆಂದು ಹೇಳಲು ನಿರಾಳವಾಗಿ ಬಾಯಿ ಬಾರದು. ನಾಳೆ ಅದೇ ಹಾಸಿಗೆಗೆ ಇನ್ನೊಬ್ಬರ ಅಣ್ಣ ಬರುತ್ತಾರೆ. ಅಪ್ಪ ಎಷ್ಟು ನ್ಯಾಯವಾಗಿ ಮಗನನ್ನು ಕಳಿಸಿದರೂ ಆ ಎದೆಯನ್ನು ನೋಡುವ ಕಣ್ಣು ಒಂದು ಬೇಕು. ಅವನನ್ನು ಉಳಿಸಿಕೊಳ್ಳುವ ಹೊಣೆ ಅವನ ಮನಸ್ಸಾಕ್ಷಿಯದೊಂದೇ ಹೇಗಾದೀತು?

ಡಬ್ಬಿಯನ್ನು ಕೊಟ್ಟು, ಈ ಸಲ ಹೆಸರು ಕೇಳಿಕೊಂಡೆ.

"ಅವರು ಮೆಟ್ಟಿಲು ಹತ್ತುತ್ತಾರಾ ಸಾರ್?" ಎಂದ.

"ಹತ್ತುತ್ತಾರೆ. ನಡುವೆ ಒಂದು ಸಲ ನಿಲ್ಲುತ್ತಾರೆ."

"ಒಂದೇ ಸಲಾನಾ?" ಎಂದು ಮುಖವರಳಿಸಿದ. ಅಷ್ಟರಲ್ಲಿ ಒಳಗೆ ಯಾವುದೋ ಯಂತ್ರ ಕೂಗಿತು. ಡಬ್ಬಿಯನ್ನು ಮೇಜಿನ ಮೇಲೆ ಬಿಟ್ಟು ಓಡಿದ.