ಒಲ್ಲೆನೆಂಬ ಗೆಳೆಯನ ಬಳಿಯಲ್ಲಿ

ಮೈಗೆ ಜ್ವರ ಬಂದವನು ತಾನಾಗಿಯೇ ವೈದ್ಯನನ್ನು ಅರಸಿಕೊಂಡು ಹೋಗುತ್ತಾನೆ. ಮನಸ್ಸಿಗೆ ತೀವ್ರ ವ್ಯಾಧಿ ತಗುಲಿದವನು ಅನೇಕ ವೇಳೆ ಹೋಗುವುದಿಲ್ಲ. ತನಗೆ ರೋಗವಿದೆಯೆಂಬುದನ್ನೇ ಅವನು ಒಪ್ಪುವುದಿಲ್ಲ. ಇದನ್ನು ಹಠವೆಂದು ಬಗೆಯುವುದು ಸರಿಯಲ್ಲ. ಸ್ಕಿಜೋಫ್ರೇನಿಯಾದಂತಹ ವ್ಯಾಧಿಯಲ್ಲಿ ತನ್ನ ಸ್ಥಿತಿಯನ್ನು ತಾನು ಅರಿಯುವ ಶಕ್ತಿಯೇ ಎಷ್ಟೋ ಜನರಲ್ಲಿ ಕುಂದಿರುತ್ತದೆ. ಇಂತಹವನ ಗೆಳೆಯನಾದವನ ಕರ್ತವ್ಯವೇನು? ಅವನ ಮಾತನ್ನು ಮನ್ನಿಸಿ ಸುಮ್ಮನಿರುವುದೇ, ಮೀರಿ ನಡೆಯುವುದೇ?

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೀಮೆಯ ಒಂದು ಮನೆಯನ್ನು ಭಾವಿಸಿಕೊಳ್ಳೋಣ. ಮುಂಬಯಿಯ ಹೋಟೆಲಿನಲ್ಲಿ ದುಡಿಯಲು ಹೋಗಿದ್ದ ಹುಡುಗನು ನಿದ್ರೆ ಬಿಟ್ಟು, ಜೊತೆಯವರು ತನಗೆ ವಿಷವಿಕ್ಕುತ್ತಿದ್ದಾರೆಂಬ ಶಂಕೆಯೊಡನೆ ಊರಿಗೆ ಮರಳಿದ್ದಾನೆ. ಮನೆಯವರು ದೈವದ ದರ್ಶನದಲ್ಲಿ ಕೇಳುತ್ತಾರೆ, ಕೊಲ್ಲೂರಿಗೆ ಹರಕೆ ಹೊರುತ್ತಾರೆ. ಅದನ್ನು ಹಳಿಯಬೇಕಾದ್ದಿಲ್ಲ, ದಿಕ್ಕುಗಾಣದ ತಾಯಿಗೆ ಅಷ್ಟು ಧೈರ್ಯವಾದರೂ ಬೇಕು. ಆದರೆ ಅಲ್ಲಿಗೇ ನಿಂತರೆ, ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಠಿಣವಾಗುತ್ತದೆ. ಬೈಂದೂರಿನಿಂದ ಮಣಿಪಾಲದ ಆಸ್ಪತ್ರೆಗೆ ಸುಮಾರು 70 ಕಿಲೋಮೀಟರು. ಒಲ್ಲದವನನ್ನು ಬಸ್ಸು ಹತ್ತಿಸುವ ಬಗೆಯೆಂತು?

ಆಗ ಕೆಲವು ಮನೆಗಳು ಹಿಡಿಯುವ ದಾರಿಯೊಂದಿದೆ: ಮಾತ್ರೆಯನ್ನು ಪುಡಿಮಾಡಿ ಗಂಜಿಯಲ್ಲೋ ಚಹಾದಲ್ಲೋ ಬೆರೆಸಿ ಕೊಡುವುದು. ಗೆಳೆಯನ ಕೈಯಿಂದ ಕೊಡಿಸುವುದೂ ಉಂಟು, ರೋಗಿಗೆ ಉಳಿದಿರುವ ಅಲ್ಪಸ್ವಲ್ಪ ನಂಬಿಕೆ ಅವನಲ್ಲಿರುವುದರಿಂದ. ಹೀಗೆ ಮಾಡುವವರು ಕ್ರೂರಿಗಳಲ್ಲ, ಸೋತವರು. ಆದರೂ ಗೆಳೆಯನು ಈ ಕೆಲಸಕ್ಕೆ ಕೈಹಾಕಬಾರದೆಂದೇ ನನ್ನ ಅಭಿಪ್ರಾಯ. ಅನ್ನದಲ್ಲಿ ಏನನ್ನೋ ಬೆರೆಸುತ್ತಿದ್ದಾರೆಂಬುದೇ ಆ ಹುಡುಗನ ಭ್ರಮೆ. ಗುಟ್ಟು ರಟ್ಟಾದ ದಿನ ಆ ಭ್ರಮೆಗೆ ನಾವೇ ಸಾಕ್ಷ್ಯವನ್ನು ಒದಗಿಸಿದಂತಾಗುತ್ತದೆ. ಇನ್ನೊಂದು ತೊಡಕು: ಮದ್ದಿನಿಂದ ಕೈ ನಡುಗಿದರೆ, ಮೈ ಬಿಗಿದರೆ, ತಾನು ಮದ್ದು ಸೇವಿಸುತ್ತಿರುವುದನ್ನೇ ಅರಿಯದವನು ವೈದ್ಯನಿಗೆ ಏನೆಂದು ಹೇಳಿಯಾನು?

“ಹಾಗಾದರೆ ಸತ್ಯವನ್ನು ಹೇಳಿ ಮಗನನ್ನು ಕಳೆದುಕೊಳ್ಳಲೇ?” ಎಂದು ತಾಯಿ ಕೇಳಿದರೆ ಉತ್ತರ ಸುಲಭವಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಝೇವಿಯರ್ ಅಮಡಾರ್ ಅವರ ಸಹೋದರ ಹೆನ್ರಿಗೂ ಇದೇ ವ್ಯಾಧಿಯಿತ್ತು. ವರ್ಷಗಟ್ಟಲೆ ವಾದಿಸಿದರೂ ಆತ ಒಪ್ಪಲಿಲ್ಲ. ವಾದವನ್ನು ಬಿಟ್ಟು ಆತನ ಮಾತಿಗೆ ಕಿವಿಗೊಟ್ಟ ಮೇಲೆಯೇ ದಾರಿ ತೆರೆಯಿತು. ನಮ್ಮ ಗೆಳೆಯನೂ ವಿಷದ ಮಾತನ್ನು ಹೌದೆನ್ನಬೇಕಿಲ್ಲ, ಗೇಲಿಮಾಡಬೇಕಿಲ್ಲ. “ನಂಗೆ ಹಂಗ್ ಕಾಣುದಿಲ್ಲ ಮಾರಾಯಾ, ಆದ್ರೆ ನೀನ್ ನಿದ್ರಿ ಮಾಡ್ದೆ ಎಷ್ಟ್ ದಿನ ಆಯ್ತ್?” ಎಂದು ಕೇಳಬಹುದು. ರೋಗವನ್ನು ಒಪ್ಪದವನೂ ನಿದ್ರೆಯಿಲ್ಲದ ಸಂಕಟವನ್ನು ಒಪ್ಪುತ್ತಾನೆ. ಆ ಸಂಕಟಕ್ಕಾಗಿ ವೈದ್ಯರಲ್ಲಿಗೆ ಹೋಗೋಣವೆಂದರೆ ಅದು ವಂಚನೆಯಲ್ಲ, ಅವರು ಮನೋವೈದ್ಯರೆಂಬುದನ್ನು ಮುಚ್ಚಿಡದಿದ್ದರೆ. ಅವನು ಬಾರದಿದ್ದರೂ 14416 ಸಂಖ್ಯೆಯ ಟೆಲಿ-ಮಾನಸ್‌ಗೆ ಕರೆಮಾಡಿ ಗೆಳೆಯನೇ ಸಲಹೆ ಕೇಳಬಹುದು.

ಬಲಪ್ರಯೋಗ ಎಂದೂ ಕೂಡದೆಂದು ನಾನು ಹೇಳಲಾರೆ. ತನ್ನ ಪ್ರಾಣಕ್ಕೋ ಪರರ ಪ್ರಾಣಕ್ಕೋ ಅಪಾಯ ಒದಗಿದಾಗ ಸುಮ್ಮನಿರುವುದು ಗೌರವವಲ್ಲ, ಕೈಬಿಡುವುದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯೂ ಅಂತಹ ಅಪಾಯದಲ್ಲಿ, ಅಥವಾ ತನ್ನನ್ನು ತಾನು ನೋಡಿಕೊಳ್ಳಲಾರದ ಸ್ಥಿತಿಯಲ್ಲಿ, ಒಲ್ಲದವನ ದಾಖಲಾತಿಗೆ ಅವಕಾಶವಿತ್ತಿದೆ. ಆದರೆ ಇಬ್ಬರು ತಜ್ಞರು ಬೇರೆಬೇರೆಯಾಗಿ ಪರೀಕ್ಷಿಸಬೇಕು. ಮೊದಲ ಅವಧಿ 30 ದಿನಗಳನ್ನು ಮೀರಬಾರದು. ಸರಪಳಿಯಂತೂ ಸಂಪೂರ್ಣ ನಿಷಿದ್ಧ. ಹಾಗೆ ಒಯ್ಯುವಾಗಲೂ ಕಾರಣವನ್ನು ಅವನ ಮುಖಕ್ಕೇ ಹೇಳಬೇಕು. ಅವನು ಬೈಯುತ್ತಾನೆ. ಬೈಗುಳವನ್ನು ಕೇಳಿಕೊಂಡು, ಮರುವಾರ ಹಣ್ಣು ಹಿಡಿದು ನೋಡಲು ಹೋಗುವಷ್ಟು ಗಟ್ಟಿತನ ಗೆಳೆಯನಿಗಿರಬೇಕು.

ಆ ದಾಖಲಾತಿಗೆ ಅರ್ಜಿ ಕೊಡುವ ಅಧಿಕಾರ ರೋಗಿಯ ಪ್ರತಿನಿಧಿಯದು. ಆ ಪ್ರತಿನಿಧಿ ಯಾರೆಂಬುದನ್ನು ಅವನು ಚೇತರಿಸಿಕೊಂಡಿರುವಾಗ ತಾನೇ ನಿರ್ಧರಿಸಬಹುದು. ಬಿಳಿಯ ಹಾಳೆಯಲ್ಲಿ ಬರೆದು ಸಹಿಯೋ ಹೆಬ್ಬೆಟ್ಟೋ ಹಾಕಿದರೆ ಸಾಕು. ನೆಮ್ಮದಿಯ ಒಂದು ಸಂಜೆ ಗೆಳೆಯನು ಈ ಮಾತೆತ್ತಬಹುದು. ಹಾಳೆಯಲ್ಲಿ ತನ್ನ ಹೆಸರೇ ಬರಬೇಕೆಂದಿಲ್ಲ. ಅಕ್ಕನ ಹೆಸರನ್ನು ಬರೆದರೆ ಮುನಿಯಬಾರದು. ಅದನ್ನು ಯಾವಾಗ ಬೇಕಾದರೂ ಬದಲಿಸುವ ಹಕ್ಕು ಅವನಿಗಿದೆ.