ಎಲ್ಲವೂ ಮಾಯೆಯಾದರೆ ಹೊಣೆ ಯಾರದು?

ಸಾವಿನ ಮನೆಗೆ ಹೋದಾಗ ಕೆಲವರು 'ಇದೆಲ್ಲ ಮಾಯೆ' ಎನ್ನುತ್ತಾರೆ. ಕೆಲವರು 'ದುನಿಯಾ ನಾಲ್ಕು ದಿನದ್ದು' ಎನ್ನುತ್ತಾರೆ. ನೊಂದವರಿಗೆ ಈ ಮಾತು ಆಸರೆಯಾಗುವುದೂ ಉಂಟು. ಆದರೆ ಸತ್ತವನು ಕಟ್ಟುತ್ತಿದ್ದ ಮಹಡಿಯಿಂದ ಬಿದ್ದ ಕೂಲಿಕಾರನಾಗಿದ್ದು, ಹೇಳುವವನು ಅದರ ಗುತ್ತಿಗೆದಾರನಾಗಿದ್ದರೆ? ಆಗ ಅದು ಸಾಂತ್ವನವೋ, ಪರಿಹಾರ ಕೊಡದೆ ನುಣುಚಿಕೊಳ್ಳುವ ಉಪಾಯವೋ?

ಜಗತ್ತು ಮಿಥ್ಯೆಯೆಂಬ ದರ್ಶನ ಮನುಷ್ಯನನ್ನು ಸಾಮಾಜಿಕ ಹೊಣೆಯಿಂದ ವಿಮುಖಗೊಳಿಸುತ್ತದೆ ಎಂಬ ಆಕ್ಷೇಪ ಹಳೆಯದು. ಅದನ್ನು ಒಪ್ಪುವ ಮುನ್ನ ಆ ದರ್ಶನಕ್ಕೆ ನ್ಯಾಯ ಸಲ್ಲಿಸಬೇಕು. ಶಂಕರಾಚಾರ್ಯರ ಅದ್ವೈತದಲ್ಲಿ ಮಿಥ್ಯೆಯೆಂದರೆ ಮೊಲದ ಕೊಂಬಿನಂತೆ ಇಲ್ಲವೇ ಇಲ್ಲದ್ದು ಎಂದರ್ಥವಲ್ಲ. ಬ್ರಹ್ಮಜ್ಞಾನ ಉಂಟಾಗುವವರೆಗೆ ಜಗತ್ತಿಗೆ ವ್ಯಾವಹಾರಿಕ ಸತ್ಯವಿದೆ. ಹಸಿದವನ ಹಸಿವು, ಅವನಿಗೆ ನೀಡುವ ಅನ್ನ ಎರಡೂ ಒಂದೇ ಮಟ್ಟದ ಸತ್ಯ. ಅವನ ಹಸಿವನ್ನು ಮಾಯೆಯೆಂದು ತಳ್ಳಿ, ತನ್ನ ತಿಜೋರಿಗೆ ಮಾತ್ರ ಭದ್ರವಾಗಿ ಬೀಗ ಹಾಕುವವನು ಅದ್ವೈತಿಯಲ್ಲ, ಸ್ವಾರ್ಥಿ.

ಆದರೂ ಪ್ರಶ್ನೆ ಇಷ್ಟಕ್ಕೇ ಮುಗಿಯುವುದಿಲ್ಲ. ಎಲ್ಲರಲ್ಲೂ ಒಂದೇ ಬ್ರಹ್ಮವಿದೆ ಎಂದು ಸಾರಿದ ನಾಡಿನಲ್ಲಿ ಅಸ್ಪೃಶ್ಯತೆ ಹೇಗೆ ಉಳಿಯಿತು? ಡಾ. ಅಂಬೇಡ್ಕರ್ ಕೇಳಿದ್ದು ಇದನ್ನೇ. ಈ ತತ್ವ ಪ್ರಜಾಪ್ರಭುತ್ವಕ್ಕೆ ಗಟ್ಟಿ ತಳಹದಿಯಾಗಬಲ್ಲದು ಎಂದು ಒಪ್ಪಿಕೊಂಡೇ, ಸಮಾಜದಲ್ಲಿ ಅದು ಫಲ ಕೊಡಲಿಲ್ಲವೇಕೆ ಎಂದು ಅವರು ಪ್ರಶ್ನಿಸಿದರು. ಪರಮಾರ್ಥದಲ್ಲಿ ಐಕ್ಯ, ವ್ಯವಹಾರದಲ್ಲಿ ಮೇಲುಕೀಳು ಎಂದು ಎರಡು ಲೆಕ್ಕದ ಪುಸ್ತಕ ಇಟ್ಟಿದ್ದೇ ಇದಕ್ಕೆ ಕಾರಣವಿರಬೇಕು.

ಆ ಎರಡು ಪುಸ್ತಕಗಳನ್ನು ಒಂದು ಮಾಡಿದವರಲ್ಲಿ ನಾರಾಯಣ ಗುರುಗಳು ಪ್ರಮುಖರು. ಅವರೂ ಅದ್ವೈತಿಯೇ. ಸವರ್ಣರ ದೇವಾಲಯಗಳಿಗೆ ಪ್ರವೇಶವಿಲ್ಲದಿದ್ದ ಈಳವ ಸಮುದಾಯದಲ್ಲಿ ಹುಟ್ಟಿದ ಅವರು 1888ರಲ್ಲಿ ಅರುವಿಪ್ಪುರಂನಲ್ಲಿ ಶಿವನನ್ನು ಪ್ರತಿಷ್ಠಾಪಿಸಿದರು. 1912ರಲ್ಲಿ ಬಿಲ್ಲವರು ಕಟ್ಟಿದ ಮಂಗಳೂರಿನ ಕುದ್ರೋಳಿ ದೇವಾಲಯದಲ್ಲೂ ಅವರಿಂದಲೇ ಪ್ರತಿಷ್ಠೆ ನಡೆಯಿತು. ವಿದ್ಯೆ ಕಲಿಯಿರಿ, ಸಂಘಟಿತರಾಗಿ ಎಂದು ಬೋಧಿಸಿದರು. 1924ರಲ್ಲಿ ಆಲುವಾದಲ್ಲಿ ಸರ್ವಧರ್ಮ ಸಮ್ಮೇಳನ ನಡೆಸಿದರು. ಭೇದವೇ ಮಾಯೆಯೆಂದಾದರೆ ಮೊದಲು ಅಳಿಯಬೇಕಾದ ಮಾಯೆ ಜಾತಿಯಲ್ಲವೇ? ಅವರ ಬದುಕು ಕೊಟ್ಟ ಉತ್ತರ ಇದು.

ಮುಸ್ಲಿಮರಾದ ನಾವು ಇದನ್ನು ಅನ್ಯರ ಸಮಸ್ಯೆಯೆಂದು ದೂರ ನಿಂತು ನೋಡುವಂತಿಲ್ಲ. ಕುರ್‌ಆನ್ ಐಹಿಕ ಜೀವನವನ್ನು ಮೋಸದ ಸರಕು ಎಂದು ಎಚ್ಚರಿಸುತ್ತದೆ. ಆದರೆ ಭೂಮಿ-ಆಕಾಶಗಳನ್ನು ಆಟಕ್ಕಾಗಿ ಸೃಷ್ಟಿಸಿಲ್ಲ ಎಂದೂ ಅದೇ ಗ್ರಂಥ ಹೇಳುತ್ತದೆ. ಪರಲೋಕದಲ್ಲಿ ಕೇಳಲಾಗುವುದು ಇಹಲೋಕದ ಲೆಕ್ಕವನ್ನೇ. ಪ್ರಳಯ ಎದುರಿಗೇ ಬಂದು ನಿಂತರೂ ಕೈಯಲ್ಲಿರುವ ಸಸಿಯನ್ನು ನೆಡಬೇಕೆಂಬುದು ಪ್ರವಾದಿವರ್ಯರ(ಸ) ಬೋಧನೆ. ಹೀಗಿರುವಾಗ ಓಣಿಯ ಚರಂಡಿ, ಊರಿನ ಶಾಲೆ, ನೆರೆಮನೆಯ ವಿಧವೆಯ ಪಿಂಚಣಿ ಇವೆಲ್ಲ 'ದುನಿಯಾದ ವಿಷಯ' ಎಂದು ಮಸೀದಿಯ ಮೆಟ್ಟಿಲಲ್ಲೇ ಬಿಟ್ಟುಬರುವ ಧಾರ್ಮಿಕತೆಯನ್ನು ಏನೆನ್ನೋಣ?

ಇನ್ನು, ಜಗತ್ತೊಂದೇ ಸತ್ಯವೆಂದು ನಂಬಿದ ಮಾತ್ರಕ್ಕೆ ಯಾರೂ ಹೊಣೆಗಾರರಾಗುವುದಿಲ್ಲ. ನದಿಯನ್ನು ಬರಿದು ಮಾಡಿ ಮರಳು ಮಾರುವವನಿಗೆ ಜಗತ್ತು ಬಹಳ ಸತ್ಯವಾಗಿಯೇ ಕಾಣುತ್ತದೆ!

ಹಾಗಾಗಿ ತತ್ವವನ್ನು ಅದರ ಹೆಸರಿನಿಂದ ಅಳೆಯುವುದು ಬೇಡ. ನಶ್ವರತೆಯ ಮಾತನ್ನು ನಾವು ನಮ್ಮ ಸಂಪತ್ತಿನ ಬಗ್ಗೆ ಹೇಳಿಕೊಂಡರೆ ಅದು ವೈರಾಗ್ಯ. ಪರರ ಸಂಕಟದ ಬಗ್ಗೆ ಹೇಳಿದರೆ ಅದು ಕ್ರೌರ್ಯ. ನಾಲ್ಕು ದಿನದ ಬದುಕೆಂದು ಗುತ್ತಿಗೆದಾರ ನಿಜವಾಗಿ ನಂಬಿದ್ದರೆ, ಕೂಲಿಕಾರನ ಮಕ್ಕಳಿಗೆ ಸಲ್ಲಬೇಕಾದ ಹಣವನ್ನು ಮೊದಲನೇ ದಿನವೇ ತಲುಪಿಸುತ್ತಿದ್ದ.